ಹೊಸ ಮನೆಯ ಟೈಲ್ಸ್ ಎದ್ದಿದೆಯಾ? ಒಡೆಸುವ ಮುಂಚೆ ಇಷ್ಟು ನೋಡಿ

ಗೃಹಪ್ರವೇಶ ಆಗಿ ವರ್ಷ ತುಂಬಿರಲ್ಲ, ಹಾಲ್‌ನ ಟೈಲ್ಸ್ ಅಲ್ಲಾಡೋಕೆ ಶುರು. ಕೆಲವು ಮನೆಗಳಲ್ಲಿ ಎರಡು ಟೈಲ್ಸ್ ಒಂದಕ್ಕೊಂದು ಒತ್ತಿಕೊಂಡು ಗುಡಾರದ ಹಾಗೆ ಮೇಲೇಳುತ್ತವೆ. ಮೇಸ್ತ್ರಿ ‘ಟೈಲ್ಸೇ ಸರಿ ಇಲ್ಲ’ ಅಂತಾರೆ, ಅಂಗಡಿಯವರು ‘ಹಾಕಿದ್ದೇ ಸರಿ ಇಲ್ಲ’ ಅಂತಾರೆ. ಹಾಗಾದರೆ ತಪ್ಪು ಎಲ್ಲಿದೆ?

ತಟ್ಟಿ ನೋಡಿ

ನಾಣ್ಯ ಅಥವಾ ಮರದ ತುಂಡಿನಿಂದ ಪ್ರತಿ ಟೈಲ್ಸನ್ನೂ ನಾಲ್ಕು ಮೂಲೆ ಮತ್ತು ಮಧ್ಯದಲ್ಲಿ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಹಿಡಿದಿಲ್ಲ. ಅಂಥ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕಾರಣಗಳೇನು?

* ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಹಾಗಾಗಿ ಬರೀ ಸಿಮೆಂಟ್ ಹಾಲು ಅದನ್ನು ಚೆನ್ನಾಗಿ ಹಿಡಿಯಲ್ಲ, ಟೈಲ್ಸ್ ಗಮ್ ಬೇಕು. ಅದನ್ನೂ ಐದು ಮುದ್ದೆ ಇಟ್ಟು ಒತ್ತಿದರೆ ಸಾಲದು, ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು.
* ‘ಜಾಯಿಂಟ್ ಕಾಣಬಾರದು’ ಅಂತ ಸಂದಿ ಬಿಡದೆ ಹಾಕಿಸಿದರೆ ಬಿಸಿಲಿಗೆ ಹಿಗ್ಗಿದ ಟೈಲ್ಸ್‌ಗೆ ಜಾಗ ಇರಲ್ಲ, ಮೇಲೇಳುತ್ತೆ. ನಡುವೆ 2-3 ಮಿ.ಮೀ. ಸ್ಪೇಸರ್, ಗೋಡೆ ಪಕ್ಕ ಸ್ವಲ್ಪ ಸಂದಿ ಬೇಕು. ಗೋಡೆ ಪಕ್ಕದ ಸಂದಿಯನ್ನು ಸ್ಕರ್ಟಿಂಗ್ ಮುಚ್ಚುತ್ತೆ.
* ಪಾಯದೊಳಗೆ ತುಂಬಿದ ಮಣ್ಣಿಗೆ ನೀರು ಬಿಟ್ಟು ದಿಮ್ಮಸು ಹೊಡೆಯದಿದ್ದರೆ ನೆಲವೇ ಕುಸಿಯುತ್ತೆ. ಸ್ಕರ್ಟಿಂಗ್ ಕೆಳಗೆ ಉದ್ದಕ್ಕೂ ಬಿರುಕು ಬಿಟ್ಟಿದ್ದರೆ ಇದೇ ಅನುಮಾನ. ಮಣ್ಣು ಗಟ್ಟಿ ಮಾಡದೆ ಹೊಸ ಟೈಲ್ಸ್ ಹಾಕಿಸಿದರೆ ಮತ್ತೆ ದುಡ್ಡು ದಂಡ.

ರಿಪೇರಿ ಹೇಗೆ?

ಒಂದೆರಡು ಕಡೆ ಮಾತ್ರ ಟೊಳ್ಳಿದ್ದು ಟೈಲ್ಸ್ ಅಲ್ಲಾಡದಿದ್ದರೆ ಅವಸರ ಬೇಡ, ಭಾರದ ಬೀರು ಅಲ್ಲಿ ಇಡಬೇಡಿ. ಎದ್ದ ಟೈಲ್ಸ್ ತೆಗೆದು, ಹಳೇ ಗಾರೆ ಕೆರೆದು, ಗಮ್‌ನಲ್ಲಿ ಸಂದಿ ಬಿಟ್ಟು ಕೂರಿಸಬೇಕು. ಅರ್ಧ ಹಾಲ್ ಟೊಳ್ಳಾಗಿದ್ದರೆ ತೇಪೆ ಕೆಲಸ ನಿಲ್ಲಲ್ಲ, ಪೂರ್ತಿ ತೆಗೆಸುವುದೇ ವಾಸಿ.

ಖರ್ಚು ಯಾರದು?

ಒಡೆಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಮೊದಲು ಫೋಟೊ, ವಿಡಿಯೊ ತೆಗೆದು ಗುತ್ತಿಗೆದಾರರಿಗೆ ವಾಟ್ಸ್‌ಆ್ಯಪ್ ಮಾಡಿ, ನಂತರ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಬಿಲ್, ಹಣ ಕೊಟ್ಟ ದಾಖಲೆ ಜೋಪಾನ.

ರೇರಾ ನೋಂದಣಿಯ ಬಡಾವಣೆಯಲ್ಲಿ ಬಿಲ್ಡರ್‌ನಿಂದ ಕೊಂಡ ಮನೆಯಾದರೆ, ಸ್ವಾಧೀನ ಸಿಕ್ಕ 5 ವರ್ಷದೊಳಗೆ ಕಂಡ ಕಾಮಗಾರಿ ದೋಷವನ್ನು ತಿಳಿಸಿದ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಮಾಹಿತಿಗೆ ಗ್ರಾಹಕ ಸಹಾಯವಾಣಿ 1915.

ಅಂಗಡಿಯವರಿಗೂ ಒಂದು ಮಾತು

ಬಿಲ್‌ನಲ್ಲಿ ಬ್ಯಾಚ್ ಮತ್ತು ಶೇಡ್ ನಂಬರ್ ಬರೆದುಕೊಡಿ. ಡೊಂಕು, ಅಳತೆ ವ್ಯತ್ಯಾಸ ಇದ್ದರೆ ಹಾಕಿಸುವ ಮುಂಚೆಯೇ ತಂದು ಬದಲಾಯಿಸಿಕೊಳ್ಳಲು ಗಿರಾಕಿಗೆ ಹೇಳಿ. ಒಂದು ಬಾಕ್ಸ್ ಹೆಚ್ಚಿಗೆ ಇಟ್ಟುಕೊಳ್ಳಲೂ ಹೇಳಿ, ಮುಂದೆ ಅದೇ ಬಣ್ಣ ಸಿಗೋದು ಕಷ್ಟ.