ಆಟದ ಮಾಸ್ತರರ ಬೇಸಗೆ

ಹಾಡೇ ಜೀವಾಳವಾದ ನಾಟಕವನ್ನು ಪಾಶ್ಚಾತ್ಯರು ಆಪೆರಾ ಎಂದು ಕರೆಯುತ್ತಾರೆ. ಇಟಲಿಯ ಮಾಂಟುವಾ ನಗರದ ಅರಮನೆಯಲ್ಲಿ 1607ರಲ್ಲಿ ಮಾಂಟೆವರ್ದಿಯ 'ಆರ್ಫಿಯೋ' ಪ್ರದರ್ಶಿತವಾಯಿತು. ಅನಂತರ ಆ ಕಲೆಯು ಅರಸರ ಆಶ್ರಯದಲ್ಲಿಯೂ ಮಹಾನಗರಗಳ ರಂಗಮಂದಿರಗಳಲ್ಲಿಯೂ ಬೆಳೆಯಿತು. ನಮ್ಮ ಉತ್ತರ ಕರ್ನಾಟಕದ ಹಾಡಿನಾಟಗಳಾದರೋ ಬೆಳೆದುದು ಒಕ್ಕಲುಮಕ್ಕಳ ನಡುವೆ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಅಳವಡಿಸಿದ 'ಶ್ರೀಕೃಷ್ಣ ಪಾರಿಜಾತ'ವು ಇವುಗಳಲ್ಲಿ ಪ್ರಸಿದ್ಧವಾದುದು. ನಾರದನು ತಂದ ಒಂದು ಹೂವು ರುಕ್ಮಿಣಿಯ ಪಾಲಾಗಲು, ಸತ್ಯಭಾಮೆಯ ಮುನಿಸು ಇರುಳೆಲ್ಲ ಹಾಡಾಗಿ ಹರಿಯುವುದು.

ವಿಜಯಪುರ ಜಿಲ್ಲೆಯ ಆಲಮೇಲದ ಸೀಮೆಯಲ್ಲಿ ಇಂತಹ ಆಟಗಳಿಗೆ ಬೇಸಗೆಯೇ ತಕ್ಕ ಕಾಲ. ಹಿಂಗಾರಿಯ ಬಿಳಿಜೋಳ ಕಣದಿಂದ ಮನೆಗೆ ಬಂದಿರುತ್ತದೆ. ಮುಂಗಾರಿನ ಬಿತ್ತನೆಗೆ ಇನ್ನೂ ದಿನಗಳಿರುತ್ತವೆ. ಊರೂರಿನಲ್ಲಿ ಜಾತ್ರೆ ಕೂಡುತ್ತದೆ. ಶಾಲೆಗಳಿಗೂ ಅದೇ ವೇಳೆಗೆ ಬಿಡುವು. ಆದುದರಿಂದ ಹಾಡು ಬಲ್ಲ ಶಾಲಾಶಿಕ್ಷಕನೊಬ್ಬನಿದ್ದರೆ ಊರವರು ಅವನನ್ನೇ ಆಟ ಕಲಿಸಲು ಕರೆಯುವುದು ಸಹಜ. ಉಳಿದವರು ವಿಶ್ರಮಿಸುವ ದಿನಗಳು ಅವನಿಗೆ ದುಡಿಮೆಯ ದಿನಗಳಾಗುವುವು.

ಆಪೆರಾದಲ್ಲಿ ವಾದ್ಯಗೋಷ್ಠಿಯನ್ನು ನಡೆಸುವವನು ಒಬ್ಬ, ರಂಗವನ್ನು ನಿರ್ದೇಶಿಸುವವನು ಮತ್ತೊಬ್ಬ. ಇಲ್ಲಿ ಪೇಟಿ ನುಡಿಸುವವನೂ, ಮಟ್ಟು ಕಲಿಸುವವನೂ, ಹೆಜ್ಜೆ ತಿದ್ದುವವನೂ, ಮರೆತ ಮಾತನ್ನು ಮರೆಯಿಂದ ಎತ್ತಿಕೊಡುವವನೂ ಮಾಸ್ತರನೇ. ಹಗಲು ಸುಡುಬಿಸಿಲಾದುದರಿಂದ ತಾಲೀಮು ರಾತ್ರಿಯ ಊಟದ ಬಳಿಕ ಮೊದಲಾಗುತ್ತದೆ. ಪಾತ್ರಧಾರಿಗಳಲ್ಲಿ ಓದು ಬಾರದವರೂ ಇರುವರು. ಅವರಿಗೆ ಪುಸ್ತಕದಿಂದ ಉಪಯೋಗವಿಲ್ಲ. ಮಾಸ್ತರನು ಒಂದು ಸಾಲನ್ನು ಹಾಡಬೇಕು, ಅವರು ಕೇಳಬೇಕು, ಕೇಳಿದುದನ್ನು ಹಾಡಬೇಕು, ಹಾಡು ಕಂಠಸ್ಥವಾದ ಮೇಲೆಯೇ ಅಭಿನಯ ಕೂಡಬೇಕು. ಒಬ್ಬೊಬ್ಬರ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಏರಿಸಿ ಇಳಿಸುವುದೂ ಅವನ ಹೊಣೆಯೇ.

ಇಷ್ಟು ದಣಿದವನು ಜೂನ್ ತಿಂಗಳಲ್ಲಿ ಶಾಲೆಗೆ ಬಳಲಿ ಬರಬೇಕಲ್ಲವೆ? ನಾವು ತಿಳಿದಂತೆ ಸಂಗತಿ ಬೇರೆ. ಬಿಡುವು ಎಂದರೆ ಕೆಲಸವಿಲ್ಲದಿರುವುದಲ್ಲ, ಕೆಲಸದ ರೀತಿ ಬದಲಾಗುವುದು. ತರಗತಿಯಲ್ಲಿ ಮಕ್ಕಳು ಗಂಟೆಯ ಕಟ್ಟಿಗೆ ಒಳಪಟ್ಟು ಕುಳಿತಿರುವರು. ತಾಲೀಮಿಗಾದರೋ ದುಡಿದು ದಣಿದ ಜನ ತಾವಾಗಿಯೇ ಬರುವರು. ಕಲಿಯುವ ಆಸೆ ಹೇಗಿರುತ್ತದೆಂಬುದನ್ನು ಅಲ್ಲಿ ಕಂಡವನು ಅದನ್ನು ಮಕ್ಕಳಲ್ಲಿಯೂ ಹುಡುಕತೊಡಗುವನು. ತಡವಾಗಿ ಕಲಿಯುವವನು ದಡ್ಡನಲ್ಲ, ಅವನಿಗೆ ಇನ್ನೂ ಸರಿಯಾಗಿ ಕೇಳಿಸಿಲ್ಲ ಎಂಬ ತಾಳ್ಮೆ ಅವನಿಗೆ ಬಂದಿರುವುದು. ಷಟ್ಪದಿಯನ್ನು ಅರ್ಥ ಹೇಳಿ ಮುಗಿಸದೆ ಹಾಡಿ ತೋರಿಸುವನು.

ರಂಗವೂ ಪಾಠಶಾಲೆಯೂ ಒಂದನ್ನೊಂದು ಪೋಷಿಸುವುದಕ್ಕೆ ಬಿ. ವಿ. ಕಾರಂತರ ಬಾಳೇ ನಿದರ್ಶನ. ಗುಬ್ಬಿ ಕಂಪನಿಯಲ್ಲಿ ಬಾಲಕರಾಗಿ ಬೆಳೆದ ಅವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು; 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಅಡಿಗಲ್ಲಾದರು. ಮಕ್ಕಳಿಗಾಗಿ ನಾಟಕ ಕಟ್ಟುವುದನ್ನು ಅವರು ಕಿರಿದೆಂದು ಎಣಿಸಲಿಲ್ಲ.

ಆಲಮೇಲದ ಸೀಮೆಯ ಚಿಂತೆ ಮಾತ್ರ ಬೇರೊಂದಿದೆ. ತರುಣರು ಕೂಲಿಗಾಗಿ ಪುಣೆ, ಬೆಂಗಳೂರುಗಳಿಗೆ ತೆರಳುವರು. ತಾಲೀಮಿಗೆ ಕಂಠಗಳು ಸಾಲದಾಗುವುವು. ಆಟದ ಮಾತುಗಳನ್ನು ಅಚ್ಚು ಹಾಕಿ ಉಳಿಸಬಹುದು. ಮಟ್ಟು ಹಾಗೆ ಉಳಿಯದು. ಅದು ಬಾಯಿಂದ ಕಿವಿಗೆ ಬರಬೇಕು. ಆದುದರಿಂದ ಮಾಸ್ತರನು ಬೇಸಗೆಯಲ್ಲಿ ಕಲಿಸಿದ ಹಾಡೊಂದನ್ನು ಮಳೆಗಾಲದಲ್ಲಿ ತನ್ನ ತರಗತಿಯ ಮಕ್ಕಳಿಗೂ ಕಲಿಸಿದರೆ, ಮುಂದಿನ ಸತ್ಯಭಾಮೆಯು ಆ ಬೆಂಚುಗಳ ಮೇಲಿಂದಲೇ ಎದ್ದು ಬರಬಹುದು.