ಕರೆಯದೆ ಬಂದ ಮುಖಪುಟ: ಕಾರಣ ಮತ್ತು ಪರಿಹಾರ

ಗಣಕಯಂತ್ರದಲ್ಲಿ ಬ್ರೌಸರನ್ನು ತೆರೆದೊಡನೆ ನಿತ್ಯ ಕಾಣುತ್ತಿದ್ದ ಮುಖಪುಟದ ಬದಲು ಅಪರಿಚಿತವಾದ ಶೋಧ ಪುಟವೊಂದು ಕಾಣಿಸಿಕೊಳ್ಳುತ್ತದೆ. ಹಳೆಯ ವಿಳಾಸವನ್ನು ಮತ್ತೆ ನಮೂದಿಸಿದರೂ ಮರುದಿನ ಅದೇ ಪುಟ ಮರಳಿ ಬಂದಿರುತ್ತದೆ. ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ಯಂತ್ರ ನಿಧಾನವಾಗುತ್ತದೆ. ಇದಕ್ಕೆ ಬ್ರೌಸರ್ ಅಪಹರಣವೆಂದು ಹೆಸರು. ಅನೇಕ ಮನೆಗಳಲ್ಲಿ ಇದನ್ನು ಸಣ್ಣ ಕಿರಿಕಿರಿಯೆಂದು ಸಹಿಸಿಕೊಂಡು ಹೋಗುವುದುಂಟು. ಆದರೆ ವಿದ್ಯುತ್ ಬಿಲ್ಲು, ಮಕ್ಕಳ ಶಾಲಾ ಶುಲ್ಕ, ಬ್ಯಾಂಕಿನ ವ್ಯವಹಾರ ಇವೆಲ್ಲವೂ ಅದೇ ಯಂತ್ರದಲ್ಲಿ ನಡೆಯುವುದರಿಂದ ಇದನ್ನು ಉಪೇಕ್ಷಿಸುವುದು ತರವಲ್ಲ.

ಲಾಭ ಯಾರಿಗೆ?

ಅಂತರಜಾಲದಲ್ಲಿ ಓದುಗರನ್ನು ಒಂದು ಪುಟಕ್ಕೆ ಕರೆತಂದವರಿಗೆ ಹಣ ದೊರೆಯುತ್ತದೆ. ಜಾಹೀರಾತಿನ ಮೇಲೆ ಒತ್ತಿದಾಗಲೆಲ್ಲ ಯಾರಿಗೋ ಒಂದಿಷ್ಟು ಕಾಸು ಸಂದಾಯವಾಗುತ್ತದೆ. ಲಕ್ಷಾಂತರ ಜನರ ಮುಖಪುಟವನ್ನು ಬದಲಾಯಿಸಬಲ್ಲವನಿಗೆ ಇದೊಂದು ದೊಡ್ಡ ವರಮಾನ.

ಇದಕ್ಕೆ ತಕ್ಕ ಉದಾಹರಣೆ ಫೈರ್‌ಬಾಲ್. 2017ರ ಜೂನ್ ತಿಂಗಳಿನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ಇದರ ವಿವರಗಳನ್ನು ಪ್ರಕಟಿಸಿತು. ಬೀಜಿಂಗಿನ ರಾಫೊಟೆಕ್ ಎಂಬ ಜಾಹೀರಾತು ಕಂಪನಿ ಇದರ ಹಿಂದಿದೆಯೆಂದೂ, ಜಗತ್ತಿನಾದ್ಯಂತ 25 ಕೋಟಿ ಯಂತ್ರಗಳಿಗೆ ಇದು ತಗುಲಿದೆಯೆಂದೂ, ಅವುಗಳಲ್ಲಿ 2.53 ಕೋಟಿ ಭಾರತದಲ್ಲೇ ಇವೆಯೆಂದೂ ಆ ವರದಿ ಹೇಳಿತು. ಈ ಸಂಖ್ಯೆ ಉತ್ಪ್ರೇಕ್ಷಿತವಾಗಿರಬಹುದೆಂದು ಮೈಕ್ರೋಸಾಫ್ಟ್ ಅಭಿಪ್ರಾಯಪಟ್ಟಿತಾದರೂ, ಅಪಾಯ ನಿಜವೆಂಬುದನ್ನು ಅದೂ ಒಪ್ಪಿಕೊಂಡಿತು. ಫೈರ್‌ಬಾಲ್ ಮುಖಪುಟವನ್ನು ನಕಲಿ ಶೋಧ ಪುಟವಾಗಿ ಮಾರ್ಪಡಿಸುತ್ತಿತ್ತು. ನಾವು ಹುಡುಕಿದ ಪದಗಳನ್ನು ಗೂಗಲ್‌ಗೋ ಯಾಹೂವಿಗೋ ರವಾನಿಸಿ ಅಲ್ಲಿನ ಉತ್ತರವನ್ನೇ ತೋರಿಸುತ್ತಿದ್ದುದರಿಂದ ಬಳಕೆದಾರರಿಗೆ ಅನುಮಾನ ಬರುತ್ತಿರಲಿಲ್ಲ. ನಡುವೆ ಮಾತ್ರ ನಮ್ಮ ಮಾಹಿತಿ ಸೋರಿಹೋಗುತ್ತಿತ್ತು. ಅಷ್ಟೇ ಅಲ್ಲದೆ, ಯಂತ್ರದೊಳಗೆ ಬೇರೆ ಯಾವುದೇ ತಂತ್ರಾಂಶವನ್ನು ತಂದು ನಡೆಸುವ ಸಾಮರ್ಥ್ಯವೂ ಅದಕ್ಕಿತ್ತು.

ಬ್ಯಾಂಕಿನ ಗ್ರಾಹಕರು ಗಮನಿಸಬೇಕಾದ ಅಂಶ ಇಲ್ಲಿದೆ. ನಮ್ಮಲ್ಲಿ ಹಲವರು ಬ್ಯಾಂಕಿನ ವಿಳಾಸವನ್ನು ಪೂರ್ಣವಾಗಿ ಟೈಪು ಮಾಡುವುದಿಲ್ಲ. ಬ್ಯಾಂಕಿನ ಹೆಸರನ್ನು ಹುಡುಕಿ, ಮೊದಲು ಕಂಡದ್ದನ್ನು ಒತ್ತುತ್ತೇವೆ. ಶೋಧ ಪುಟವೇ ಅನ್ಯರ ವಶದಲ್ಲಿದ್ದರೆ, ಮೊದಲು ಏನು ಕಾಣಬೇಕೆಂಬುದನ್ನು ನಿರ್ಧರಿಸುವವರೂ ಅವರೇ. ಅಲ್ಲಿ ಕಾಣುವ ಪುಟ, ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆ ಎರಡೂ ನಕಲಿಯಾಗಿರಬಹುದು.

ಒಳಬರುವ ದಾರಿ

ಇಂತಹವು ಹೆಚ್ಚಾಗಿ ಕದ್ದು ಒಳನುಗ್ಗುವುದಿಲ್ಲ. ನಾವೇ ಬಾಗಿಲು ತೆರೆದಿರುತ್ತೇವೆ. ಪಿಡಿಎಫ್ ಪರಿವರ್ತಕ, ಹಳೆಯ ಹಾಡುಗಳನ್ನು ಇಳಿಸಿಕೊಳ್ಳುವ ಸಾಧನ, ಕನ್ನಡ ಅಕ್ಷರಶೈಲಿ ಹೀಗೆ ಯಾವುದನ್ನೋ ಉಚಿತವಾಗಿ ಪಡೆಯಲು ಸಿಕ್ಕಿದ ಜಾಲತಾಣಕ್ಕೆ ಹೋಗುತ್ತೇವೆ. ಅಳವಡಿಸುವಾಗ ಬರುವ ಪ್ರಶ್ನೆಗಳನ್ನು ಓದದೆ ‘ನೆಕ್ಸ್ಟ್’ ಒತ್ತುತ್ತಾ ಹೋಗುತ್ತೇವೆ. ಅಲ್ಲಿಯ ಚಿಕ್ಕ ಚೌಕದೊಳಗೆ ಮೊದಲೇ ಹಾಕಿಟ್ಟ ಗುರುತು ನಮ್ಮ ಒಪ್ಪಿಗೆಯಾಗಿಬಿಡುತ್ತದೆ. ಬರಹ, ನುಡಿಯಂತಹ ತಂತ್ರಾಂಶಗಳು ಬೇಕಿದ್ದರೆ ತಯಾರಿಸಿದವರ ಸ್ವಂತ ತಾಣದಿಂದಲೇ ಪಡೆಯತಕ್ಕದ್ದು. ಕೇವಲ ಕನ್ನಡ ಟೈಪು ಮಾಡಲು ಹುಡುಕಾಟವೇ ಬೇಡ: 2019ರ ನಂತರದ ವಿಂಡೋಸ್‌ನಲ್ಲಿ ಕನ್ನಡ ಫೋನೆಟಿಕ್ ಕೀಲಿಮಣೆ ಅಡಕವಾಗಿಯೇ ಇದೆ.

ಪರಿಹಾರದ ಕ್ರಮ

ಮುಖಪುಟದ ವಿಳಾಸವನ್ನಷ್ಟೇ ಬದಲಾಯಿಸುವುದು ಬೇರು ಬಿಟ್ಟು ಎಲೆ ಕಿತ್ತಂತೆ. ವಿಳಾಸವನ್ನು ಬದಲಿಸುತ್ತಿರುವ ತಂತ್ರಾಂಶ ಒಳಗೇ ಇರುವವರೆಗೆ ಅದು ಮರಳಿ ಬರುತ್ತಲೇ ಇರುತ್ತದೆ. ಆದುದರಿಂದ ಕ್ರಮ ಮುಖ್ಯ.

1. ಯಂತ್ರ ಶುದ್ಧವಾಗುವವರೆಗೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಗುಪ್ತಪದಗಳನ್ನು ಟೈಪು ಮಾಡಬೇಡಿ.

2. ವಿಂಡೋಸ್ ಸೆಟ್ಟಿಂಗ್ಸ್‌ನ ‘ಆಪ್ಸ್’ ವಿಭಾಗದಲ್ಲಿ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ. ತೊಂದರೆ ಆರಂಭವಾದ ದಿನಗಳಲ್ಲಿ ಸೇರಿಕೊಂಡ ಅಪರಿಚಿತ ತಂತ್ರಾಂಶಗಳನ್ನು ತೆಗೆದುಹಾಕಿ. ಸಂಶಯವಿದ್ದರೆ ಆ ಹೆಸರನ್ನು ಬೇರೊಂದು ಸಾಧನದಲ್ಲಿ ಹುಡುಕಿ ತಿಳಿದ ನಂತರವೇ ತೆಗೆಯಿರಿ.

3. ಬ್ರೌಸರಿನ ‘ಎಕ್ಸ್‌ಟೆನ್ಷನ್ಸ್’ ಪಟ್ಟಿಯಲ್ಲಿ ನೀವು ಬೇಕೆಂದು ಸೇರಿಸದವುಗಳನ್ನೆಲ್ಲ ತೆಗೆಯಿರಿ.

4. ವೈರಸ್ ನಿರೋಧಕದಿಂದ ಇಡೀ ಯಂತ್ರವನ್ನು ಪರೀಕ್ಷಿಸಿ. ವಿಂಡೋಸ್‌ನೊಂದಿಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ಅಡಗಿ ಕುಳಿತವುಗಳನ್ನು ಹುಡುಕಲು ನೆರವಾಗುತ್ತದೆ.

5. ಅನಂತರ ಮುಖಪುಟ ಮತ್ತು ಶೋಧ ಯಂತ್ರವನ್ನು ಸರಿಪಡಿಸಿ. ಕ್ರೋಮ್‌ನಲ್ಲಿ ‘ರೀಸೆಟ್ ಸೆಟ್ಟಿಂಗ್ಸ್’ ಬಳಸಿದರೆ ಉಳಿಸಿಟ್ಟ ಬುಕ್‌ಮಾರ್ಕ್‌ಗಳೂ ಗುಪ್ತಪದಗಳೂ ಅಳಿಸಿಹೋಗುವುದಿಲ್ಲ.

6. ಕೊನೆಯಲ್ಲಿ ಇಮೇಲ್ ಹಾಗೂ ಬ್ಯಾಂಕಿನ ಗುಪ್ತಪದಗಳನ್ನು ಬದಲಾಯಿಸಿ.

ಇಷ್ಟಾದರೂ ಅದೇ ಪುಟ ಬಂದರೆ ಬ್ರೌಸರಿನ ಶಾರ್ಟ್‌ಕಟ್ಟಿನ ‘ಪ್ರಾಪರ್ಟೀಸ್’ ನೋಡಿ. ‘ಟಾರ್ಗೆಟ್’ ಸಾಲಿನ ಕೊನೆಗೆ ಯಾವುದಾದರೂ ಜಾಲವಿಳಾಸ ಅಂಟಿಕೊಂಡಿದ್ದರೆ ಅಳಿಸಿ. ಮನೆಯ ಎರಡು ಯಂತ್ರಗಳಲ್ಲಿ ಒಂದೇ ಖಾತೆ ಬಳಸುತ್ತಿದ್ದರೆ, ಒಂದರಲ್ಲಿ ತೆಗೆದ ಎಕ್ಸ್‌ಟೆನ್ಷನ್ ಮತ್ತೊಂದರಿಂದ ಮರಳಿ ಬರಬಹುದು. ಎರಡನ್ನೂ ಒಟ್ಟಿಗೆ ಶುದ್ಧಗೊಳಿಸಬೇಕು. ಮನೆಯ ಯಂತ್ರದಲ್ಲಿಯೂ ಬ್ರೌಸರ್ ‘ನಿಮ್ಮ ಸಂಸ್ಥೆಯಿಂದ ನಿರ್ವಹಿಸಲ್ಪಡುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ಸೂಚನೆ ಕಂಡರೆ ಬಲ್ಲ ತಂತ್ರಜ್ಞರಿಗೆ ತೋರಿಸುವುದು ಒಳಿತು.

ಪರದೆಯ ಮೇಲೆ ‘ವೈರಸ್ ಸೇರಿದೆ, ಕೂಡಲೇ ಕರೆ ಮಾಡಿ’ ಎಂದು ಕಾಣುವ ಸಂಖ್ಯೆಗೆ ಎಂದಿಗೂ ಕರೆ ಮಾಡಬೇಡಿ. ಅದು ಮೋಸದ ಎರಡನೆಯ ಹಂತ.

ನಮ್ಮ ನಗರದ ನೆರವು

ಕೇಂದ್ರ ಸರ್ಕಾರ 2017ರ ಫೆಬ್ರವರಿ 21ರಂದು ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಸರ್ಟ್-ಇನ್ ಸಂಸ್ಥೆ ನಡೆಸುವ ಈ ಕೇಂದ್ರದ ಜಾಲತಾಣದ ಮೂಲಕ ಯಂತ್ರ ಶುದ್ಧಿಯ ಉಪಕರಣಗಳನ್ನು ಉಚಿತವಾಗಿ ಒದಗಿಸಲಾಗಿದೆ. ಅಂದು ಬಿಡುಗಡೆಯಾದ ಸಾಧನಗಳಲ್ಲಿ, ಅಪಾಯಕಾರಿ ಪುಟಗಳ ಬಗ್ಗೆ ಎಚ್ಚರಿಸುವ ‘ಜೆಎಸ್‌ಗಾರ್ಡ್’ ಎಂಬುದೂ ಒಂದು. ಅದನ್ನು ರೂಪಿಸಿದ್ದು ನಮ್ಮ ಹೈದರಾಬಾದಿನ ಸಿ-ಡ್ಯಾಕ್ ಕೇಂದ್ರವೆಂಬುದು ಹೆಮ್ಮೆಯ ಸಂಗತಿ.

ಖಾತೆಯಿಂದ ಹಣ ಹೋದುದು ತಿಳಿದರೆ ಸಂಕೋಚ ಬೇಡ, ವಿಳಂಬವೂ ಬೇಡ. ತಕ್ಷಣ ನಿಮ್ಮ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ಹಣ ಮತ್ತೊಂದು ಖಾತೆಯಿಂದ ಹೊರಹೋಗುವ ಮುನ್ನ ತಡೆಯಲು ಆರಂಭದ ಕೆಲವು ಗಂಟೆಗಳೇ ನಿರ್ಣಾಯಕ.

ಮನೆಯ ಹಿರಿಯರಿಗೆ ಬ್ಯಾಂಕಿನ ಸರಿಯಾದ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಕೊಟ್ಟು, ಹುಡುಕುವ ಬದಲು ಅದನ್ನೇ ಒತ್ತುವ ಅಭ್ಯಾಸ ಮಾಡಿಸಿ. ಹತ್ತು ನಿಮಿಷಗಳ ಈ ಕೆಲಸವನ್ನು ಮುಂದಿನ ಭಾನುವಾರವೇ ಮಾಡಬಹುದು.