ಹೊಲ ಮಾರಿ ಕೊಳ್ಳುವ ಪರದೇಶದ ಮನೆ

ಘಟಪ್ರಭೆಯ ಕಾಲುವೆಯ ನೀರು ಬಂದ ಮೇಲೆ ನಮ್ಮ ನಾಗನೂರಿನ ಭೂಮಿಯ ಬೆಲೆಯೂ ಏರಿತು, ಜನರ ಆಸೆಯೂ ಏರಿತು. ಕಬ್ಬು, ಗೋವಿನಜೋಳ, ಅರಿಸಿನಗಳ ಆದಾಯದಿಂದ ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ಮನೆತನಗಳಿವೆ. ಆ ಮಕ್ಕಳಲ್ಲಿ ಕೆಲವರು ಪುಣೆ, ಬೆಂಗಳೂರುಗಳನ್ನು ದಾಟಿ ಅಮೇರಿಕೆಗೆ ಹೋದರು. ಈಗ ಅಲ್ಲಿ ಮನೆ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಮಗಳ ಮನೆಯಲ್ಲಿ, ನ್ಯೂಜೆರ್ಸಿಯ ಒಂದು ಉಪನಗರದಲ್ಲಿ, ಆರು ತಿಂಗಳು ಇದ್ದು ಬಂದವನೆಂದು ಊರಿನವರು ನಿವೃತ್ತ ಮಾಸ್ತರನಾದ ನನ್ನ ಬಳಿಗೆ ಕಾಗದಪತ್ರ ಹಿಡಿದು ಬರುತ್ತಾರೆ. ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸರ, ಅಲ್ಲಿ ಸ್ವಂತ ಮನಿ ಆತಂದ್ರ ಹುಡುಗ ಅಲ್ಲೇ ಕಾಯಂ ಆದಂಗ ಅಲ್ಲೇನ್ರಿ?” ಎರಡನೆಯದು, ನೀರಾವರಿ ಹೊಲಕ್ಕೆ ಗಿರಾಕಿ ಇದ್ದಾರೆಯೇ ಎಂಬುದು.

ಮೊದಲನೆಯ ಪ್ರಶ್ನೆಗೆ ಉತ್ತರ, ಅಲ್ಲ. ಮನೆಯ ಒಡೆತನ ಬೇರೆ, ಆ ದೇಶದಲ್ಲಿ ಇರುವ ಹಕ್ಕು ಬೇರೆ. ಎಚ್‌-1ಬಿ ಪರವಾನಗಿಯ ಮೇಲೆ ದುಡಿಯುವ ಹುಡುಗ ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳಲು ಕಾಯದೆಯ ಅಡ್ಡಿಯಿಲ್ಲ. ಆದರೆ ನೌಕರಿ ಹೋದರೆ ಬೇರೊಂದನ್ನು ಹುಡುಕಿಕೊಳ್ಳಲು ಅವನಿಗೆ ಸಾಮಾನ್ಯವಾಗಿ ದೊರೆಯುವ ಅವಧಿ ಹೆಚ್ಚೆಂದರೆ 60 ದಿನ. ಮನೆಯ ಸಾಲದ ಅವಧಿಯೋ ಹಲವು ವೇಳೆ 30 ವರ್ಷ. ಖರೀದಿ ಪತ್ರವನ್ನು ತೋರಿಸಿ ಅರುವತ್ತೊಂದನೆಯ ದಿನವನ್ನು ಕೇಳಲು ಬರುವುದಿಲ್ಲ.

ಈ ಕೊಳ್ಳುವ ಹಕ್ಕಾದರೂ ಅಲ್ಲಿ ಸುಲಭವಾಗಿ ಬಂದುದಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 1913ರಲ್ಲಿ, ನಾಗರಿಕರಾಗಲು ಅರ್ಹರಲ್ಲದ ಪರಕೀಯರು ಕೃಷಿಭೂಮಿಯ ಒಡೆಯರಾಗಕೂಡದೆಂದು ಕಾಯದೆ ಮಾಡಿತು. ಭಾರತೀಯರು ಆ ಗುಂಪಿಗೇ ಸೇರುತ್ತಾರೆಂಬುದು ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ 1923ರಲ್ಲಿ ತೀರ್ಮಾನವಾಯಿತು. 1915ರಲ್ಲಿ ಸಾನ್‌ಫ್ರಾನ್ಸಿಸ್ಕೋಗೆ ಬಂದಿಳಿದ ವೈಷ್ಣೋ ದಾಸ್ ಬಾಗೈ ಎಂಬವರು ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನಿನೊಡನೆ ಹೋದಾಗ, ನೆರೆಯವರು ಬಾಗಿಲಿಗೆ ಬೀಗ ಜಡಿದಿದ್ದರಂತೆ. ಮುಂದೆ ಅವರು ಅಮೇರಿಕೆಯ ನಾಗರಿಕರಾದರು. 1923ರ ತೀರ್ಪಿನ ನಂತರ ಅದನ್ನೂ ಕಳೆದುಕೊಂಡು, ಆಸ್ತಿಯನ್ನು ಬಿಡಬೇಕಾಗಿ ಬಂದು, 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನ್ಯೂಜೆರ್ಸಿಯ ವಿಲಿಂಗ್‌ಬರೋದಲ್ಲಿ ಸಾವಿರಾರು ಮನೆಗಳನ್ನು ಕಟ್ಟಿದ ಲೆವಿಟ್ ಸಂಸ್ಥೆ ಕರಿಯರಿಗೆ ಮನೆ ಮಾರಲು ಒಪ್ಪದಿದ್ದಾಗ, ಅದು ಸಲ್ಲದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1960ರಲ್ಲಿ. ನಮ್ಮ ಹುಡುಗರು ಇಂದು ನಿರಾತಂಕವಾಗಿ ಸಹಿ ಹಾಕುವ ಕಾಗದದ ಹಿಂದೆ ಇಷ್ಟು ಚರಿತ್ರೆಯಿದೆ.

ಇನ್ನು ಮನೆಯ ಮಾತು. ಅಲ್ಲಿಯ ಉಪನಗರದ ಮನೆ ಬಹುಪಾಲು ಕಟ್ಟಿಗೆಯ ಚೌಕಟ್ಟಿನದು; ಕೆಳಗೆ ನೆಲಮಾಳಿಗೆ, ಮುಂದೆ ಹಿಂದೆ ಹುಲ್ಲು. ನಮ್ಮಲ್ಲಿ ದನಕ್ಕೆ ಹುಲ್ಲು ಸಿಗದು, ಅಲ್ಲಿ ಹುಲ್ಲಿಗೆ ದನ ಸಿಗದು. ಆದ್ದರಿಂದ ಮನೆಯ ಯಜಮಾನನೇ ಯಂತ್ರ ಹಿಡಿದು ಅದನ್ನು ಕತ್ತರಿಸುತ್ತಾನೆ. ಮಗಳು ಅಳಿಯ ಮನೆ ನೋಡುವಾಗ ನಾನೂ ಜೊತೆಗಿದ್ದೆ. ಬೆಲೆ ಕುದುರಿದ ಮೇಲೆ ಎರಡೂ ಕಡೆಯ ವಕೀಲರು ಕರಾರನ್ನು ಪರಿಶೀಲಿಸಲು ಕೆಲಸದ ದಿನಗಳು ಮೂರು ಇರುತ್ತವೆ. ಆ ಅವಧಿಯಲ್ಲಿ ಯಾರೇ ಆಗಲಿ ವಕೀಲರ ಮೂಲಕ ಹಿಂದೆ ಸರಿಯಬಹುದು. ಆಮೇಲೆ ಒಬ್ಬ ತಪಾಸಣೆಗಾರ ಬಂದ. ಛಾವಣಿ ಹತ್ತಿದ, ನೆಲಮಾಳಿಗೆಯ ಗೋಡೆಗೆ ದೀಪ ಹಿಡಿದು ತೇವ ಹುಡುಕಿದ, ನೆಲದಿಂದ ಏಳುವ ರೇಡಾನ್ ಅನಿಲವನ್ನು ಅಳೆಯುವ ಪೆಟ್ಟಿಗೆಯನ್ನು ಇಟ್ಟುಹೋದ. ಹಳೆಯ ಮನೆಗಳ ಅಂಗಳದಲ್ಲಿ ಮನೆ ಕಾಯಿಸುವ ಎಣ್ಣೆಯ ಟ್ಯಾಂಕು ಹುಗಿದಿರುವುದುಂಟು. ಅದು ಸೋರಿದ್ದರೆ ಮಣ್ಣು ತೆಗೆಸುವ ಖರ್ಚು ಒಡೆಯನ ತಲೆಗೇ ಬರುತ್ತದೆ. ಅದಕ್ಕಾಗಿ ಇನ್ನೊಬ್ಬನು ಬಂದು ಹುಲ್ಲಿನ ಮೇಲೆ ಉಪಕರಣವನ್ನು ಆಡಿಸುತ್ತ ಅಂಗಳವೆಲ್ಲ ತಿರುಗಿದ. ಉತಾರ ತೆಗೆಸಿ, ಬೋಜಾ ಇಲ್ಲವೆಂದು ನೋಡಿದರೆ ಖರೀದಿ ಮುಗಿಯಿತೆಂದು ತಿಳಿದಿದ್ದ ನನಗೆ, ಮನೆಗೆ ವೈದ್ಯರ ಪರೀಕ್ಷೆಯಂಥ ಈ ಕ್ರಮ ಬಹಳ ಹಿಡಿಸಿತು. ನಮ್ಮಲ್ಲೂ ಇದು ಬರಬೇಕು.

ಸಾಲದ ಕಂತಿನ ಹೊರಗೆ ಸ್ಥಳೀಯ ತೆರಿಗೆಯೊಂದಿದೆ. ಶಾಲೆಗಳೂ ಬಹುಮಟ್ಟಿಗೆ ಅದರಿಂದಲೇ ನಡೆಯುವುದರಿಂದ ಒಳ್ಳೆಯ ಶಾಲೆಯಿರುವ ಊರಿನಲ್ಲಿ ಅದರ ಭಾರ ಹಗುರಾಗಿರುವುದಿಲ್ಲ. ನ್ಯೂಜೆರ್ಸಿಯಲ್ಲಿ 2024ರ ಸರಾಸರಿಯೇ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 10,000 ಡಾಲರ್. ಸಾಲ ತೀರಿದರೂ ಈ ತೆರಿಗೆ ತೀರುವುದಿಲ್ಲ.

ಈಗ ಹೊಲಕ್ಕೆ ಬರೋಣ. ಬೆಲೆಯ ನೂರಕ್ಕೆ 20 ಭಾಗವನ್ನು ಕೈಯಿಂದ ಹಾಕಬೇಕೆಂಬ ಮಾತು ಅಲ್ಲಿಂದ ಬರುತ್ತದೆ. ಮನೆಯ ಬೆಲೆ 6,00,000 ಡಾಲರ್ ಎಂದು ಹಿಡಿಯಿರಿ. ಇಪ್ಪತ್ತು ಭಾಗವೆಂದರೆ 1,20,000 ಡಾಲರ್. ಡಾಲರಿಗೆ 90 ರೂಪಾಯಿಯಂತೆ 1 ಕೋಟಿ 8 ಲಕ್ಷ. ತಂದೆ ಇದನ್ನು ಕಳಿಸಬಹುದು. ರಿಜರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಹಣಕಾಸಿನ ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಕಳಿಸಲು ಅವಕಾಶವಿದೆ. ಆದರೆ 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ಮೀರಿದ ಇಂಥ ಹಣದ ಮೇಲೆ ಬ್ಯಾಂಕು ನೂರಕ್ಕೆ 20ರಂತೆ ಮುಂಗಡ ತೆರಿಗೆ ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು 19 ಲಕ್ಷ 60 ಸಾವಿರ. ತೆರಿಗೆಯ ವಿವರಪಟ್ಟಿ ಸಲ್ಲಿಸಿದರೆ ತಿರುಗಿ ಬರುವ ಹಣವೇ ಅದು. ಆದರೆ ಕಳಿಸುವ ದಿನ ಕೈಯಲ್ಲಿರಬೇಕು. ಅಲ್ಲಿಯ ಬ್ಯಾಂಕಿಗೆ ತಂದೆ ಒಂದು ಪತ್ರವನ್ನೂ ಬರೆದುಕೊಡಬೇಕು: ಈ ಹಣ ಉಡುಗೊರೆ, ಇದನ್ನು ಹಿಂದಿರುಗಿ ಕೇಳುವುದಿಲ್ಲ. ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವಾಗ ಎದುರಿಗೆ ಕುಳಿತ ಹಿರಿಯರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಒಬ್ಬ ವ್ಯಕ್ತಿಯಿಂದ ಬಂದ ಉಡುಗೊರೆ ವರ್ಷದಲ್ಲಿ 1,00,000 ಡಾಲರ್ ಮೀರಿದರೆ ಮಗನು ಅಲ್ಲಿಯ ತೆರಿಗೆ ಇಲಾಖೆಗೆ 3520ನೆಯ ನಮೂನೆಯಲ್ಲಿ ತಿಳಿಸಬೇಕು. ತೆರಿಗೆಯಿಲ್ಲ, ತಿಳಿಸದಿದ್ದರೆ ದಂಡ ದೊಡ್ಡದು. ಅದಕ್ಕೆ ಬದಲು ತಂದೆಯ ಹೆಸರನ್ನೇ ಖರೀದಿಯಲ್ಲಿ ಸೇರಿಸೋಣವೆನ್ನುವವರಿದ್ದಾರೆ. ಅಲ್ಲಿ ನೆಲಸದ ಪರದೇಶದವನು ತೀರಿಕೊಂಡಾಗ ಅಲ್ಲಿರುವ ಅವನ ಆಸ್ತಿಗೆ ಮರಣ ತೆರಿಗೆಯ ವಿನಾಯಿತಿ ಇರುವುದು ಕೇವಲ 60,000 ಡಾಲರ್‌ವರೆಗೆ. ಸೇರಿಸದಿರುವುದೇ ಲೇಸು.

ನಮ್ಮ ಕಡೆ ಖರೀದಿಯ ಮುಂಗಡಕ್ಕೆ ಸಂಚಕಾರವೆನ್ನುತ್ತಾರೆ. ಕೇಡಿಗೂ ಅದೇ ಶಬ್ದ. ಹೊಲದ ಸಂಚಕಾರ ಪಡೆಯುವ ಮುನ್ನ ಇದೊಂದನ್ನು ತಿಳಿದಿರಬೇಕು. ಪರದೇಶದಲ್ಲಿ ನೆಲಸಿರುವ ಭಾರತೀಯನು ಭಾರತದಲ್ಲಿ ಮನೆ, ನಿವೇಶನಗಳನ್ನು ಕೊಳ್ಳಬಹುದು, ಕೃಷಿಭೂಮಿ ಕೊಳ್ಳುವಂತಿಲ್ಲ. ಬಕ್ಷೀಸ ಪತ್ರದಿಂದಲೂ ಪಡೆಯುವಂತಿಲ್ಲ. ವಾರಸಾದಿಂದ ಮಾತ್ರ ಅದು ಅವನಿಗೆ ಬರಬಹುದು. ಕರ್ನಾಟಕದ ಭೂಸುಧಾರಣೆ ಕಾಯದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು, ಇನ್ನು ಯಾರೂ ಕೊಳ್ಳಬಹುದೆಂದು ಕೆಲವರು ಹೇಳುತ್ತಾರೆ. ಅದು ರಾಜ್ಯದ ಕಾಯದೆ. ಪರದೇಶದಲ್ಲಿರುವವನನ್ನು ತಡೆಯುವುದು ವಿದೇಶೀ ವಿನಿಮಯದ ಕೇಂದ್ರ ಕಾಯದೆ, ಅದು ಹಾಗೆಯೇ ಇದೆ. ಮಗನು ಭಾರತದ ಪ್ರಜೆಯಾಗಿಯೇ ಉಳಿದು, ತಿರುಗಿ ಬಂದು ಇಲ್ಲಿಯ ನಿವಾಸಿಯಾದರೆ ಆಗ ಕೊಳ್ಳಬಹುದು, ಆ ದಿನದ ಬೆಲೆಗೆ. ಅಲ್ಲಿಯ ಮನೆಯನ್ನು ಇಲ್ಲಿಗೆ ಬಂದ ಮೇಲೆ ಮಾರಿದರೆ, ಪರದೇಶದವನ ಮಾರಾಟವೆಂದು ಬೆಲೆಯ ನೂರಕ್ಕೆ 15 ಭಾಗವನ್ನು ಸಾಮಾನ್ಯವಾಗಿ ಕೊಳ್ಳುವವನೇ ತೆರಿಗೆಗೆಂದು ತಡೆಹಿಡಿಯುತ್ತಾನೆ.

ಹೀಗೆಂದು ಮನೆ ಕೊಳ್ಳುವುದೇ ಬೇಡವೆಂದು ನಾನು ಹೇಳುವುದಿಲ್ಲ. ಬಾಡಿಗೆಯ ಮನೆಯಿಂದ ಮನೆಗೆ ಅಲೆಯುವ ಮಕ್ಕಳಿಗೆ ಒಂದು ಶಾಲೆ, ಒಂದು ಅಂಗಳ ಬೇಕೆನ್ನುವುದು ಸಹಜ. ಆದರೆ ಇಪ್ಪತ್ತು ಭಾಗವೇ ಬೇಕೆಂಬುದು ನಿಯಮವಲ್ಲ. ಕಡಿಮೆ ಕಂತಿಗೆ ಹೆಸರಾದ ಎಫ್.ಎಚ್.ಎ. ಸಾಲ 2025ರ ಮೇ ತಿಂಗಳಿಂದ ಕಾಯಂ ನಿವಾಸಿಗಳಲ್ಲದವರಿಗೆ ನಿಂತಿತು, ನಿಜ. ಸಾಮಾನ್ಯ ಸಾಲದಲ್ಲಿ, ಕ್ರಮಬದ್ಧವಾದ ಕೆಲಸದ ಪರವಾನಗಿಯೂ ಸಾಲ ತೀರಿಸಿದ ಒಳ್ಳೆಯ ದಾಖಲೆಯೂ ಇದ್ದವನು ನೂರಕ್ಕೆ 5 ಭಾಗ ಹಾಕಿಯೂ ಕೊಳ್ಳಲು ಸಾಧ್ಯ. ನಮ್ಮ ಲೆಕ್ಕದ ಮನೆಗೆ ಅದು 27 ಲಕ್ಷ ರೂಪಾಯಿ. ಅದನ್ನು ಹುಡುಗನು ತನ್ನ ಸಂಬಳದಲ್ಲೇ ಕೂಡಿಸಬಲ್ಲ. ಕಡಿಮೆ ಹಾಕಿದ್ದಕ್ಕಾಗಿ ಸಾಲದ ವಿಮೆಯೆಂದು ತಿಂಗಳಿಗೆ ಒಂದಿಷ್ಟು ಕೊಡಬೇಕಾಗುತ್ತದೆ. 1998ರ ಕಾಯದೆಯಂತೆ ಸಾಲವು ಮೂಲ ಬೆಲೆಯ ನೂರಕ್ಕೆ 80ಕ್ಕೆ ಇಳಿದಾಗ ವಿಮೆಯನ್ನು ತೆಗೆಯಿರೆಂದು ಬರೆದು ಕೇಳಬಹುದು. ಕಂತು ತಪ್ಪದಿದ್ದರೆ, 78ಕ್ಕೆ ಇಳಿಯಬೇಕಾದ ದಿನ ಬ್ಯಾಂಕು ತಾನಾಗಿಯೇ ತೆಗೆಯಬೇಕು. ಕೇಳುವ ಪತ್ರವನ್ನು ಹುಡುಗನೇ ಬರೆಯಬೇಕು; ಬ್ಯಾಂಕು ನೆನಪು ಮಾಡಲೆಂದು ಕಾಯ್ದರೆ ಕೆಲವು ತಿಂಗಳ ವಿಮೆ ಸುಮ್ಮನೆ ಹೋಗುತ್ತದೆ.